ಮೊದಲು ಗೇರ್, ಆಮೇಲೆ ಮೋಟಾರ್: ನನ್ನ ಟಿಟಿ-02 ರೇಸಿಗೆ ಸಜ್ಜಾದ ಬಗೆ

ಆರ್‌ಸಿ (ರಿಮೋಟ್‌ನಿಂದ ಓಡಿಸುವ) ಕಾರಿಗೆ ಬ್ರಶ್‌ಲೆಸ್ ಮೋಟಾರ್ (ಕಾರ್ಬನ್ ಬ್ರಶ್ ಇಲ್ಲದ್ದು) ಹಾಕೋಣ ಅಂತ ಹೊರಟವರು ಮೊದಲು ಕೇಳುವುದು "ಎಷ್ಟು ಕೆವಿ ತಗೊಳ್ಳಲಿ?" ಅಂತ, ಅಂದರೆ ಮೋಟಾರ್ ಎಷ್ಟು ವೇಗದ್ದು ಬೇಕು ಅಂತ. ನಾನು ಅಲ್ಲಿಂದ ಶುರು ಮಾಡಲಿಲ್ಲ. ನನ್ನ ಕಾರಿನಲ್ಲಿ ಯಾವ ಗೇರ್ ಕೂರುತ್ತದೆ ಅನ್ನುವುದನ್ನು ಮೊದಲು ನೋಡಿದೆ. ಮೋಟಾರ್ ಯಾವುದು ಅಂತ ಆ ಲೆಕ್ಕವೇ ಹೇಳಿತು.

ಕಾರು ಟಮಿಯಾ ಟಿಟಿ-02. 1/10 ಅಳತೆಯ, ನಾಲ್ಕೂ ಚಕ್ರಕ್ಕೆ ಶಾಫ್ಟ್‌ನಿಂದ ಶಕ್ತಿ ಹೋಗುವ ಟೂರಿಂಗ್ ಕಾರು. ಕಿಟ್ ಜೊತೆ ಬರುವುದು 22 ಹಲ್ಲಿನ ಪಿನಿಯನ್ (ಮೋಟಾರಿನ ಶಾಫ್ಟ್ ಮೇಲಿನ ಚಿಕ್ಕ ಗೇರ್), 70 ಹಲ್ಲಿನ ಸ್ಪರ್ (ಪಿನಿಯನ್ ತಿರುಗಿಸುವ ದೊಡ್ಡ ಗೇರ್). ಸ್ಪರ್‌ನಿಂದ ಚಕ್ರದವರೆಗಿನ ಒಳಗಿನ ಗೇರ್ ಅನುಪಾತ 2.6. ಸ್ಪರ್ ಅನ್ನು ಪಿನಿಯನ್‌ನಿಂದ ಭಾಗಿಸಿ 2.6ರಿಂದ ಗುಣಿಸಿದರೆ 8.27. ಅಂದರೆ ಮೋಟಾರ್ 8.27 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಇದನ್ನೇ ಎಫ್‌ಡಿಆರ್ (ಫೈನಲ್ ಡ್ರೈವ್ ರೇಶಿಯೊ) ಅನ್ನುತ್ತೇವೆ. ಇದು ಇಳಿದಷ್ಟೂ ಕಾರಿನ ವೇಗ ಏರುತ್ತದೆ.

ಈಗ ಮೋಟಾರ್. ಟರ್ನ್ ಅಂದರೆ ಮೋಟಾರಿನೊಳಗಿನ ತಂತಿಯ ಸುತ್ತು, ಅದು ಕಡಿಮೆಯಾದಷ್ಟೂ ಮೋಟಾರ್ ವೇಗ. 540 ಸೈಜಿನ (1/10 ಕಾರುಗಳಲ್ಲಿ ಸಾಮಾನ್ಯವಾದ ಅಳತೆ) ಸೆನ್ಸರ್ಡ್ (ರೋಟರ್ ಎಲ್ಲಿದೆ ಅಂತ ಸೆನ್ಸರ್‌ನಿಂದ ತಿಳಿಸುವ) ಮೋಟಾರುಗಳಲ್ಲಿ 17.5 ಟರ್ನ್ ಅಂದರೆ ಸುಮಾರು 2200 ಕೆವಿ, 13.5 ಟರ್ನ್ ಅಂದರೆ ಸುಮಾರು 3000 ಕೆವಿ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗುತ್ತದೆ. ಕೆವಿ ಅಂದರೆ ಒಂದು ವೋಲ್ಟ್‌ಗೆ, ಲೋಡ್ ಇಲ್ಲದಾಗ, ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ. ಟೈರಿನ ಸುತ್ತಳತೆ ಹತ್ತಿರ ಹತ್ತಿರ 20 ಸೆಂಟಿಮೀಟರ್. 7.4 ವೋಲ್ಟ್ ಬ್ಯಾಟರಿಯಲ್ಲಿ 17.5 ಟರ್ನ್ ಮೋಟಾರ್ ಕಿಟ್‌ನ ಗೇರ್ ಮೇಲೆ ಲೆಕ್ಕದಲ್ಲೇ ಗಂಟೆಗೆ 24 ಕಿಲೋಮೀಟರ್ ದಾಟುವುದಿಲ್ಲ. ಅದನ್ನು ರೇಸಿನ ವೇಗಕ್ಕೆ ತರಬೇಕಾದರೆ ಎಫ್‌ಡಿಆರ್ 4ರ ಆಸುಪಾಸಿಗೆ ಇಳಿಯಬೇಕು. ಅಷ್ಟು ದೊಡ್ಡ ಪಿನಿಯನ್‌ಗೆ ಈ ಕಿಟ್‌ನ ಗೇರ್‌ಬಾಕ್ಸ್‌ನಲ್ಲಿ ಜಾಗವೇ ಇಲ್ಲ. 13.5 ಟರ್ನ್ ಆದರೆ ಅದೇ ಗೇರ್ ಮೇಲೆ 32 ಬರುತ್ತದೆ, ಇನ್ನೂ ಏರಿಸಲು ದಾರಿಯೂ ಉಳಿಯುತ್ತದೆ. ಅದಕ್ಕೇ 13.5 ತೆಗೆದುಕೊಂಡೆ. ಸೆನ್ಸರ್ ಇರುವುದನ್ನೇ ಆರಿಸಿದೆ. ತಿರುವಿನಿಂದ ನಿಧಾನವಾಗಿ ಹೊರಬರುವಾಗ ಅದು ಜರ್ಕ್ ಇಲ್ಲದೆ ಎಳೆಯುತ್ತದೆ, ಲ್ಯಾಪ್ ಟೈಮ್ ಕುದುರುವುದೇ ಅಲ್ಲಿ.

ಗೇರ್ ಏರಿಸಲು 68 ಹಲ್ಲಿನ ಸ್ಪರ್, 24 ಹಲ್ಲಿನ ಪಿನಿಯನ್ ಹಾಕಿದೆ. 70 ಮತ್ತು 22 ಕೂಡಿದರೆ 92. 68 ಮತ್ತು 24 ಕೂಡಿದರೂ 92. ಹಲ್ಲಿನ ಮೊತ್ತ ಒಂದೇ ಆದರೆ ಎರಡು ಶಾಫ್ಟ್‌ಗಳ ನಡುವಿನ ಅಂತರವೂ ಒಂದೇ. ಹಾಗಾಗಿ ಮೋಟಾರನ್ನು ಜರುಗಿಸುವ ಕೆಲಸವೇ ಬರಲಿಲ್ಲ. ಎಫ್‌ಡಿಆರ್ 7.37 ಆಯಿತು, ವೇಗ ಲೆಕ್ಕದಲ್ಲಿ 36. ನಾವು ಓಡಿಸುವ ಪಾರ್ಕಿಂಗ್ ಜಾಗದಲ್ಲಿ ಉದ್ದದ ನೇರ ಹಾದಿ ಸುಮಾರು 30 ಮೀಟರ್. ಅಷ್ಟಕ್ಕೆ ಇದು ಧಾರಾಳ. ಒಂದು ಎಚ್ಚರ: ಟಮಿಯಾ ಗೇರ್ 0.6 ಮಾಡ್ಯೂಲ್ (ಹಲ್ಲಿನ ಅಳತೆ). ಹಲ್ಲು ಬೇರೆ ಅಳತೆಯ 48 ಪಿಚ್ ಪಿನಿಯನ್ ಕಣ್ಣಿಗೆ ಹಾಗೇ ಕಾಣುತ್ತದೆ, ಕೂರಿಸಲೂ ಬರುತ್ತದೆ, ಆದರೆ ಪ್ಲಾಸ್ಟಿಕ್ ಸ್ಪರ್‌ನ ಹಲ್ಲನ್ನು ಬೇಗ ತಿಂದುಹಾಕುತ್ತದೆ. ಅಂಗಡಿಯಲ್ಲಿ ಕೇಳಿಯೇ ತೆಗೆದುಕೊಳ್ಳಿ. ಗೇರ್ ಕೂರಿಸಿದ ಮೇಲೆ ಪಿನಿಯನ್ ಅನ್ನು ಹಿಡಿದು ಸ್ಪರ್ ಅನ್ನು ಬೆರಳಿನಿಂದ ಅಲ್ಲಾಡಿಸಿ ನೋಡುತ್ತೇನೆ. ಚೂರೇ ಚೂರು ಟಕ್ ಅನ್ನಬೇಕು. ಸ್ಪರ್ ಅನ್ನು ಒಂದು ಸುತ್ತು ತಿರುಗಿಸಿ ನಾಲ್ಕೈದು ಕಡೆ ಹೀಗೆ ನೋಡಬೇಕು, ಯಾಕೆಂದರೆ ಪ್ಲಾಸ್ಟಿಕ್ ಸ್ಪರ್ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಎಲ್ಲೂ ಬಿಗಿ ಹಿಡಿಯಬಾರದು.

ಕಿಟ್‌ನ ಪ್ಲಾಸ್ಟಿಕ್ ಬುಶ್‌ಗಳನ್ನು (ಶಾಫ್ಟ್ ತಿರುಗುವ ಬಳೆಗಳನ್ನು) ತೆಗೆದು ಬಾಲ್ ಬೇರಿಂಗ್ ಹಾಕಿ, ಅಲ್ಯೂಮಿನಿಯಂ ಮೋಟಾರ್ ಮೌಂಟ್ ಕೂಡ ಹಾಕಿ. ಬ್ರಶ್‌ಲೆಸ್‌ಗೆ ಇವೆರಡೂ ಬೇಕೇ ಬೇಕು.

ಗೇರ್ ಸರಿಯೋ ತಪ್ಪೋ ಹೇಳುವುದು ಮೋಟಾರಿನ ಬಿಸಿ. ಗೇರ್ ಅತಿಯಾಗಿ ಏರಿಸಿದರೆ, ಅಂದರೆ ಎಫ್‌ಡಿಆರ್ ತೀರಾ ಇಳಿದರೆ, ಮೋಟಾರ್ ತನ್ನ ವೇಗಕ್ಕೆ ಏರುವುದೇ ಇಲ್ಲ, ಟಾಪ್ ಗೇರಿನಲ್ಲಿ ಘಾಟಿ ಹತ್ತಿಸಿದ ಬಸ್ಸಿನ ಹಾಗೆ ಒದ್ದಾಡುತ್ತಾ ಕರೆಂಟ್ ಎಳೆಯುತ್ತದೆ. ಕರೆಂಟ್ ಎರಡು ಪಟ್ಟಾದರೆ ವೈಂಡಿಂಗ್‌ನ ಬಿಸಿ ನಾಲ್ಕು ಪಟ್ಟು. ರೋಟರ್‌ನ ನಿಯೋಡಿಮಿಯಂ ಆಯಸ್ಕಾಂತ ಬಿಸಿಗೆ ಶಕ್ತಿ ಕಳೆದುಕೊಂಡರೆ ತಣ್ಣಗಾದ ಮೇಲೂ ಪೂರ್ತಿ ವಾಪಸ್ ಬರುವುದಿಲ್ಲ. ನಾನು 5 ನಿಮಿಷ ರೇಸಿನ ಹಾಗೇ ಓಡಿಸಿ ಟೆಂಪರೇಚರ್ ಗನ್ ಹಿಡಿಯುತ್ತೇನೆ. ನಿಲ್ಲಿಸಿದ ತಕ್ಷಣ ಒಂದು ಸಲ, ಒಂದೆರಡು ನಿಮಿಷ ಬಿಟ್ಟು ಇನ್ನೊಂದು ಸಲ. ಒಳಗಿನ ಬಿಸಿ ಹೊರಗೆ ಬರಲು ಸಮಯ ಬೇಕು, ಎರಡನೆಯ ಅಂಕಿಯೇ ಹೆಚ್ಚಿರುತ್ತದೆ. 70 ಡಿಗ್ರಿ ದಾಟದಂತೆ ಇಟ್ಟುಕೊಂಡಿದ್ದೇನೆ. ಏಪ್ರಿಲ್ ಬಿಸಿಲಲ್ಲಿ ಡಾಂಬರು ಕಾದಾಗ ಸುಮ್ನೆ ಕಿಟ್‌ನ ಗೇರಿಗೇ ವಾಪಸ್ ಹೋಗುತ್ತೇನೆ. ಎಂಡ್‌ಬೆಲ್ ಟೈಮಿಂಗ್ (ಮೋಟಾರಿನ ಹಿಂದಿನ ಮುಚ್ಚಳ ತಿರುಗಿಸಿ ವೇಗ ಹೆಚ್ಚು ಕಡಿಮೆ ಮಾಡುವ ಹೊಂದಾಣಿಕೆ) ಹೆಚ್ಚಿಸಿದರೂ ಬಿಸಿ ಏರುತ್ತದೆ. ಟೈಮಿಂಗ್, ಗೇರ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ ಅಲ್ವಾ?

ಬ್ಯಾಟರಿಗೆ 2ಎಸ್ (ಎರಡು ಸೆಲ್ ಸರಣಿಯಲ್ಲಿರುವ, 7.4 ವೋಲ್ಟ್) ಹಾರ್ಡ್‌ಕೇಸ್ ಲಿಪೋ (ಗಟ್ಟಿ ಕವಚದ ಲಿಥಿಯಂ ಪಾಲಿಮರ್ ಬ್ಯಾಟರಿ). ಅದರ ಮೇಲೆ ಬರೆದಿರುವ ಸಿ ಅಂಕಿಯನ್ನು (ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಅನ್ನುವ ಲೆಕ್ಕ) ನಾನು ನಂಬುವುದಿಲ್ಲ. 4000 ಎಂಎಎಚ್, 60 ಸಿ ಅಂದರೆ 240 ಆಂಪಿಯರ್ ಆಯಿತು. ಅಷ್ಟನ್ನು ಆ ತಂತಿ, ಆ ಕನೆಕ್ಟರ್ ತಡೆದುಕೊಳ್ಳುವುದಿಲ್ಲ. ಚಾರ್ಜರ್ ತೋರಿಸುವ ಇಂಟರ್ನಲ್ ರೆಸಿಸ್ಟೆನ್ಸ್ (ಸೆಲ್‌ನೊಳಗೇ ಕರೆಂಟಿಗಿರುವ ತಡೆ) ನೋಡಿ. ಎರಡೂ ಸೆಲ್‌ಗಳಲ್ಲಿ ಅದು ಕಡಿಮೆ ಇರಬೇಕು, ಹತ್ತಿರ ಹತ್ತಿರ ಒಂದೇ ಇರಬೇಕು. 4000ದ ಪ್ಯಾಕನ್ನು 4 ಆಂಪಿಯರ್‌ನಲ್ಲಿ, ಬ್ಯಾಲೆನ್ಸ್ ಮೋಡ್‌ನಲ್ಲಿ (ಎರಡೂ ಸೆಲ್‌ಗಳ ವೋಲ್ಟ್ ಸಮ ಮಾಡುವ ರೀತಿ), ಎದುರಿಗಿದ್ದೇ ಚಾರ್ಜ್ ಮಾಡುತ್ತೇನೆ. ಓಡಿಸದ ದಿನಗಳಲ್ಲಿ ಸೆಲ್‌ಗೆ 3.8 ವೋಲ್ಟ್‌ನಲ್ಲಿ ಇಡುತ್ತೇನೆ. ಊದಿಕೊಂಡ ಪ್ಯಾಕನ್ನು ಮತ್ತೆ ಕಾರಿಗೆ ಹಾಕಲೇಬಾರದು.

ಎಷ್ಟು ದೊಡ್ಡ ಪ್ಯಾಕ್ ಬೇಕು ಅನ್ನುವುದನ್ನೂ ಚಾರ್ಜರೇ ಹೇಳುತ್ತದೆ. 5 ನಿಮಿಷ ಓಡಿಸಿ ಮತ್ತೆ ಫುಲ್ ಚಾರ್ಜ್ ಮಾಡಿದಾಗ 1500 ಎಂಎಎಚ್ ಒಳಗೆ ಹೋಯಿತು ಅಂದುಕೊಳ್ಳಿ. ಸರಾಸರಿ 18 ಆಂಪಿಯರ್ ಎಳೆದಿದೆ ಎಂದಾಯಿತು. ಅಂಥ ಕಾರಿಗೆ 4000 ಸಾಕೋ ಸಾಕು, 6000 ಹಾಕಿದರೆ ಸುಮ್ನೆ ತೂಕ ಹೊತ್ತು ತಿರುಗಬೇಕು. ಗೇರ್ ಬದಲಿಸಿದ ಪ್ರತಿ ಸಲವೂ ನಾನು ಈ ಅಂಕಿಯನ್ನು ಲ್ಯಾಪ್ ಟೈಮ್ ಪಕ್ಕದಲ್ಲಿ ಬರೆದಿಡುತ್ತೇನೆ. ಎಂಎಎಚ್ ಏರಿ ಲ್ಯಾಪ್ ಟೈಮ್ ಇಳಿಯದಿದ್ದರೆ ಹಳೆಯ ಪಿನಿಯನ್ ಅನ್ನೇ ವಾಪಸ್ ಹಾಕುತ್ತೇನೆ.