ಆಡಿದವರ ಮಾತು ಕೇಳಿ ಆಟದ ನಿಯಮ ತಿದ್ದುವ ಬಗೆ

ನನ್ನ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಇರುವುದು ಒಂದೇ ಸಾಲು: ‘ಎಲ್ಲರೂ ಚೆನ್ನಾಗಿದೆ ಎಂದರು.’ ನಾಲ್ವರು ನಮ್ಮ ಮನೆಯ ಊಟದ ಮೇಜಿನ ಸುತ್ತ ಮೂರು ಗಂಟೆ ಕುಳಿತು ನಾನು ಬರೆದ ಆಟವನ್ನು ಆಡಿದ್ದರು, ನಾನು ಮಾಡಿದ ಒಗ್ಗರಣೆ ಅವಲಕ್ಕಿ ತಿಂದಿದ್ದರು. ಅವಲಕ್ಕಿ ತಿಂದ ಬಾಯಿಯಲ್ಲೇ ‘ನಿಮ್ಮ ಮೂರನೇ ನಿಯಮ ಕೆಟ್ಟದಾಗಿದೆ’ ಎನ್ನುವ ಅತಿಥಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಆ ಪುಟದಿಂದ ನನಗೆ ಆದ ಉಪಯೋಗ ಸೊನ್ನೆ.

ನಾನು ಅಚ್ಚುಮನೆಯೊಂದರಲ್ಲಿ ಕರಡು ತಿದ್ದುವವನು. ರೋಲ್‌ಪ್ಲೇಯಿಂಗ್ ಆಟ ಬರೆಯುವುದು ಭಾನುವಾರದ ಹುಚ್ಚು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕತೆ ನಡೆಸುತ್ತಾರೆ, ಮುಂದೇನಾಗುತ್ತದೆ ಎಂಬ ಸಂದೇಹ ಬಂದಲ್ಲಿ ದಾಳ ಉರುಳಿಸುತ್ತಾರೆ. ನನ್ನ ಆಟದಲ್ಲಿ ಹೇರೆತ್ತುಗಳ ಮೇಲೆ ಉಪ್ಪಿನ ಮೂಟೆ ಹೇರಿಕೊಂಡು, ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತಿ, ಮಳೆಗಾಲಕ್ಕೆ ಮುಂಚೆ ಶಿರಸಿ ಮುಟ್ಟಬೇಕು. ಆರು ಮುಖದ ಎರಡು ದಾಳ. ಮೊತ್ತ 7 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗೆಲುವು. ಗರ ಕೆಟ್ಟರೆ ಎತ್ತಿಗೆ ಒಂದು ದಣಿವು. ಎರಡು ವರ್ಷದಲ್ಲಿ ಇದರ ನಿಯಮಗಳನ್ನು ಹದಿನಾಲ್ಕು ಸಲ ತಿದ್ದಿದ್ದೇನೆ. ಅದರಲ್ಲಿ ಐದಾರು ಸಲ ತಿದ್ದಿ ಕೆಡಿಸಿದ್ದೇ ಹೆಚ್ಚು. ನೀವೂ ಇಂಥದೊಂದನ್ನು ಬರೆಯುತ್ತಿದ್ದರೆ ನಾನು ಪಟ್ಟ ಪಾಡು ನಿಮಗೆ ತಪ್ಪಲಿ.

‘ಹೇಗಿತ್ತು?’ ಎಂದು ಕೇಳಲೇಬೇಡಿ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಅದು. ನಾನೀಗ ಮೂರು ಪ್ರಶ್ನೆ ಕೇಳುತ್ತೇನೆ. ನಾಳೆ ಕಚೇರಿಯಲ್ಲಿ ಈ ಆಟದ ಬಗ್ಗೆ ಹೇಳಬೇಕಾದರೆ ಯಾವ ಪ್ರಸಂಗ ಹೇಳುತ್ತೀರಿ? ಯಾವ ಹೊತ್ತಿನಲ್ಲಿ ಮೊಬೈಲ್ ತೆಗೆದು ನೋಡಬೇಕು ಅನ್ನಿಸಿತು? ದಣಿವಿನ ನಿಯಮವನ್ನು ಹಾಳೆ ನೋಡದೆ ನಿಮ್ಮ ಮಾತಿನಲ್ಲಿ ಹೇಳಿ. ಮೂರನೆಯದು ಎಲ್ಲಕ್ಕಿಂತ ಉಪಕಾರಿ. ನಾಲ್ವರು ನಾಲ್ಕು ಬಗೆಯಾಗಿ ಹೇಳಿದರೆ ತಪ್ಪು ಅವರದಲ್ಲ.

ಪ್ರಶ್ನೆಗಿಂತಲೂ ಹೆಚ್ಚು ಸಿಗುವುದು ನೋಟದಲ್ಲಿ. ಎರಡನೇ ಕರಡಿನ ಹೊತ್ತಿಗೆ ಆಟ ನಡೆಸುವ ಕೆಲಸವನ್ನು ಬೇರೆಯವರಿಗೆ ಕೊಟ್ಟುಬಿಡಿ. ಹಾಳೆಗಳನ್ನು ಅವರ ಕೈಗಿತ್ತು ಮೂಲೆಯ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕುಳಿತುಕೊಳ್ಳಿ. ‘ಇಲ್ಲಿ ಏನು ಮಾಡಬೇಕು?’ ಎಂದು ನಿಮ್ಮ ಮುಖ ನೋಡುತ್ತಾರೆ. ‘ಹಾಳೆಯಲ್ಲಿ ಇದ್ದ ಹಾಗೆ’ ಎನ್ನಿ, ಅಷ್ಟೇ. ನಾಲಿಗೆ ತುರಿಸುತ್ತದೆ, ಅದಕ್ಕೇ ನಾನು ಬಾಯಿಗೆ ಅಡಿಕೆ ಹಾಕಿಕೊಂಡಿರುತ್ತೇನೆ. ಪುಸ್ತಕದಲ್ಲಿ ಬರೆಯಬೇಕಾದದ್ದು ಗಂಟೆ, ಪುಟ ಮತ್ತು ಅವರು ಮಾಡಿದ್ದು. ‘8.10, ಪುಟ 3, ಇಬ್ಬರೂ ಹಿಂದಿನ ಪುಟಕ್ಕೆ ಹೋದರು’ ಎಂಬ ಸಾಲು ‘ಸ್ವಲ್ಪ ಗೊಂದಲವಾಯಿತು’ ಎಂಬ ಹತ್ತು ಮಾತಿಗೆ ಸಮ.

ಹಾಗೆ ಕುಳಿತಾಗಲೇ ನನ್ನ ಕಸುಬಿಗೇ ನಾಚಿಕೆ ತರುವ ತಪ್ಪು ಸಿಕ್ಕಿದ್ದು. ‘ಐದು ದಣಿವಿನವರೆಗೆ ಎತ್ತು ತಾಳುತ್ತದೆ’ ಎಂದು ಬರೆದಿದ್ದೆ. ಒಂದು ಗುಂಪಿನಲ್ಲಿ ಐದನೇ ದಣಿವಿಗೆ ಎತ್ತು ಮಲಗಿತು, ಇನ್ನೊಂದರಲ್ಲಿ ಆರನೆಯದಕ್ಕೆ. ಕನ್ನಡದ ‘ವರೆಗೆ’ ಎರಡಕ್ಕೂ ಒಪ್ಪುತ್ತದೆ. ಈಗ ‘ಐದನೇ ದಣಿವು ಬಿದ್ದ ಕೂಡಲೇ ಎತ್ತು ಮಲಗುತ್ತದೆ’ ಎಂದಿದೆ. ‘ನೀವು ಒಂದು ಮೂಟೆ ಕಳೆದುಕೊಳ್ಳುತ್ತೀರಿ’ ಎಂಬುದು ಇನ್ನೂ ಅಪಾಯದ ಸಾಲು. ನೀವು ಎಂದರೆ ದಾಳ ಹಾಕಿದವರೊಬ್ಬರೇ, ಇಡೀ ತಂಡವೇ? ಗೌರವ ಕೊಡಲು ಹೋಗಿ ಲೆಕ್ಕ ಕೆಟ್ಟಿತು. ನಿಯಮದಲ್ಲಿ ‘ದಾಳ ಹಾಕಿದವರು’, ‘ತಂಡದ ಪ್ರತಿಯೊಬ್ಬರೂ’ ಎಂದೇ ಬರೆಯಿರಿ, ಎಷ್ಟು ಸಲ ಬಂದರೂ ಸರಿ. ನಿಯಮ ಕಷ್ಟವಾಗಿದೆ ಎಂಬ ದೂರುಗಳಲ್ಲಿ ಅರ್ಧಕ್ಕರ್ಧ ವಾಕ್ಯದ ದೂರುಗಳೇ. ಅಂಕಿ ಮುಟ್ಟುವ ಮೊದಲು ವಾಕ್ಯ ಮುಟ್ಟಿ.

ಇನ್ನು ಅಂಕಿ. ನನ್ನ ಅಕ್ಕನ ಮಗಳು ಒಂದು ದಿನ ದಾಳ ಎಸೆದು, “ಮಾಮ, ನನಗೆ ಗರ ಬೀಳುವುದೇ ಇಲ್ಲ. ಎಲ್ಲರಿಗೂ ಒಂದು ಹೆಚ್ಚು ಕೊಡು” ಎಂದಳು. ಪುಸ್ತಕ ನೋಡಿದೆ. ಹನ್ನೊಂದು ಸಲ ಉರುಳಿಸಿದ್ದಳು, ಏಳು ಸಲ ಗೆದ್ದಿದ್ದಳು. ಎರಡು ದಾಳದ 36 ಜೋಡಿಗಳಲ್ಲಿ 21ರ ಮೊತ್ತ 7 ಅಥವಾ ಹೆಚ್ಚು, ಅಂದರೆ ಶೇ 58. ಅವಳ ಪಾಲಿಗೆ ಅದಕ್ಕಿಂತ ಹೆಚ್ಚೇ ಬಿದ್ದಿತ್ತು. ಅವಳು ಕೇಳಿದ ‘ಒಂದು’ ಸಣ್ಣದೂ ಅಲ್ಲ: ಒಂದು ಕೂಡಿಸಿದರೆ ಗೆಲುವು ಶೇ 72ಕ್ಕೆ ಏರುತ್ತದೆ, ಎರಡು ಕೂಡಿಸಿದರೆ 83ಕ್ಕೆ. ಹಾಗೆಂದು ಅವಳ ಬೇಸರ ಸುಳ್ಳೇ? ಅಲ್ಲ. ಸೋತ ನಾಲ್ಕರಲ್ಲಿ ಮೂರು ಒಂದೇ ಹಳ್ಳ ದಾಟುವಾಗ ಸೋತದ್ದು. ಸೋತರೆ ದಣಿವು ಗುರುತು ಹಾಕಿ ಮತ್ತೆ ಅದೇ ದಾಳ, ಅದೇ ಹಳ್ಳ. ಕತೆ ಅಲ್ಲೇ ನಿಂತುಬಿಟ್ಟಿತ್ತು. ಅಂಕಿ ಹಾಗೇ ಬಿಟ್ಟೆ. ಹಳ್ಳದಲ್ಲಿ ಸೋಲಿನ ಫಲ ಮಾತ್ರ ಬದಲಿಸಿದೆ: ಸೋತರೂ ದಾಟುತ್ತೀರಿ, ಆದರೆ ಒಂದು ಮೂಟೆ ನೆನೆಯುತ್ತದೆ ಅಥವಾ ಎತ್ತಿನ ಕಾಲು ಉಳುಕುತ್ತದೆ, ಯಾವುದೆಂದು ದಾಳ ಹಾಕಿದವರೇ ಆರಿಸಬೇಕು. ಮುಂದಿನ ವಾರ ಅವಳು ಇನ್ನೂ ಹೆಚ್ಚು ಸಲ ಸೋತಳು. ಗರದ ಮಾತೇ ಎತ್ತಲಿಲ್ಲ.

ದೂರನ್ನು ನಂಬಿ, ದೂರು ಹೇಳಿದವರು ಸೂಚಿಸುವ ಮದ್ದನ್ನು ನಂಬಬೇಡಿ ಎಂಬುದು ನನ್ನ ತಲೆಗೆ ಹೊಕ್ಕಿದ್ದು ದಣಿವಿನ ನಿಯಮದಿಂದ. ಮೂರು ಗುಂಪುಗಳೂ ಒಂದೇ ಮಾತು ಹೇಳಿದವು: ದಣಿವು ಬೇಗ ತುಂಬುತ್ತದೆ, ಐದನ್ನು ಎಂಟು ಮಾಡಿ. ಮಾಡಿದೆ. ಆಟ ಒಂದು ಗಂಟೆ ಉದ್ದವಾಯಿತು, ಆಕಳಿಕೆ ಹೆಚ್ಚಿತು. ಮತ್ತೆ ಪುಸ್ತಕ ತಿರುವಿದಾಗ ಒಂದು ಪದ ಸಾಲುಸಾಲಾಗಿ ಕಂಡಿತು: ‘ತಂಗಿದರು’, ‘ತಂಗಿದರು’, ‘ತಂಗಿದರು’. ತಂಗಿದರೆ ದಣಿವು ಅಳಿಸುತ್ತದೆ, ತಂಗುವುದಕ್ಕೆ ಖರ್ಚಿಲ್ಲ. ಹೀಗಿರುವಾಗ ಬುದ್ಧಿ ಇರುವ ಯಾರಾದರೂ ಪ್ರತಿ ತಿರುವಿನಲ್ಲೂ ತಂಗುತ್ತಾರೆ. ಅವರಿಗೆ ಬೇಸರ ತಂದದ್ದು ದಣಿವಲ್ಲ, ದಣಿವು ಅಳಿಸುವ ಗುಮಾಸ್ತಗಿರಿ. ಐದನ್ನೇ ಮರಳಿ ತಂದೆ. ಹಾಳೆಯ ತಲೆಗೆ ಮಳೆಯ ಹತ್ತು ಚೌಕ ಬರೆದೆ. ಒಂದು ಸಲ ತಂಗಿದರೆ ಒಂದು ಚೌಕ ತುಂಬುತ್ತದೆ, ಹತ್ತೂ ತುಂಬಿದರೆ ಮಳೆ, ಮಳೆ ಬಂದರೆ ಉಪ್ಪು ಕರಗಿ ನೀರು. ಮೇಜಿನ ಸುತ್ತ ಜಗಳ ಶುರುವಾಯಿತು, ‘ಇನ್ನೊಂದು ತಿರುವು ಹೋಗೋಣ’ ಎಂದು ಒಬ್ಬರು, ‘ಎತ್ತು ಸಾಯುತ್ತದೆ’ ಎಂದು ಇನ್ನೊಬ್ಬರು. ನನಗೆ ಬೇಕಾದದ್ದು ಆ ಜಗಳವೇ.

ಆಟ ಅಚ್ಚು ಹಾಕುವ ದೊಡ್ಡ ಸಂಸ್ಥೆಗಳಿಗೂ ಇದು ಆಗಿದೆ. ಪಾಥ್‌ಫೈಂಡರ್ ಎಂಬ ರೋಲ್‌ಪ್ಲೇಯಿಂಗ್ ಆಟದ ಎರಡನೇ ಆವೃತ್ತಿಯ ಕರಡನ್ನು ಪೈಝೋ ಸಂಸ್ಥೆ 2018ರ ಆಗಸ್ಟ್‌ನಲ್ಲಿ ಎಲ್ಲರ ಮುಂದಿಟ್ಟಿತು. ಅದರಲ್ಲಿ ರೆಸೊನೆನ್ಸ್ ಎಂಬ ಅಂಕವಿತ್ತು: ಮಾಯಾ ವಸ್ತು ಬಳಸಿದಾಗ, ಮದ್ದು ಕುಡಿದಾಗ ಕೂಡ, ಒಂದು ಅಂಕ ಖರ್ಚು. ಹಳೆಯ ಆವೃತ್ತಿಯಲ್ಲಿ ಗಾಯ ವಾಸಿ ಮಾಡುವ ಅಗ್ಗದ ಮಂತ್ರದಂಡಗಳನ್ನು ರಾಶಿ ಕೊಂಡು ಬಳಸುವ ಚಾಳಿ ಇತ್ತು. ಅದಕ್ಕೆ ಹಾಕಿದ ಕಡಿವಾಣಗಳಲ್ಲಿ ಇದೊಂದು. ಸಾಯುವ ಹೊತ್ತಿನಲ್ಲಿ ಕುಡಿದ ಮದ್ದೂ ಕೈಕೊಡಬಹುದು ಎಂದಾಗ ಆಟಗಾರರು ಸುಮ್ಮನಿರುತ್ತಾರೆಯೇ? 2019ರ ಆಗಸ್ಟ್‌ನ ಅಂತಿಮ ಪುಸ್ತಕದಲ್ಲಿ ರೆಸೊನೆನ್ಸ್ ಇಲ್ಲ. ಆದರೆ ದಿನಕ್ಕೆ ಹತ್ತು ಮಾಯಾ ವಸ್ತುಗಳನ್ನಷ್ಟೇ ತೊಟ್ಟು ಬಳಸಬಹುದು ಎಂಬ ಮಿತಿ ಉಳಿಯಿತು, ಮಂತ್ರದಂಡವಿಲ್ಲದೆ ಶುಶ್ರೂಷೆಯಿಂದಲೇ ಗಾಯ ಮಾಯಿಸುವ ದಾರಿ ಬಂತು. ನಿಯಮ ಹೋಯಿತು, ಅದರ ಹಿಂದಿನ ಚಿಂತೆಗೆ ಬೇರೆ ಉತ್ತರ ಹುಡುಕಿದರು.

ಆ ಗಾತ್ರದ ಸಂಸ್ಥೆಗಳು ಸಮೀಕ್ಷೆ ನಡೆಸುತ್ತವೆ ಎಂದು ನೀವು ಪ್ರಶ್ನಾವಳಿ ಹಂಚಬೇಡಿ. ಹನ್ನೆರಡು ಜನರ ಶೇಕಡಾವಾರು ಲೆಕ್ಕ ನಗೆಪಾಟಲು. ಒಂದು ದೂರು ಪರಸ್ಪರ ಪರಿಚಯವಿಲ್ಲದ ಎರಡು ಗುಂಪುಗಳಿಂದ ಬಂದರೆ ಮಾತ್ರ ನಾನು ಪೆನ್ನು ಎತ್ತುತ್ತೇನೆ. ವಾಕ್ಯದ ತಪ್ಪು ಇದಕ್ಕೆ ಹೊರತು. ಅದನ್ನು ಒಬ್ಬರು ಹೇಳಿದರೂ ಸಾಕು.

ತಿದ್ದುವಾಗ ಒಂದು ಸಲಕ್ಕೆ ಒಂದೇ ನಿಯಮ. ಏಳನೇ ಕರಡಿನಲ್ಲಿ ನಾನು ನಾಲ್ಕನ್ನು ಒಟ್ಟಿಗೆ ಬದಲಿಸಿದೆ. ಆಟ ಸುಧಾರಿಸಿತು, ಯಾವುದರಿಂದ ಎಂದು ಇವತ್ತಿಗೂ ತಿಳಿದಿಲ್ಲ. ಪ್ರತಿ ಹಾಳೆಯ ಮೂಲೆಯಲ್ಲಿ ಕರಡಿನ ಸಂಖ್ಯೆ, ತಾರೀಖು ಇರಲಿ. ಹಳೆಯ ಹಾಳೆಗಳನ್ನು ಎಸೆಯಬೇಡಿ. ನಾನು ಐದನ್ನು ಮರಳಿ ತಂದದ್ದು ಅವು ಇದ್ದುದರಿಂದಲೇ.

ಕೆಲವು ಮಾತುಗಳನ್ನು ಕೇಳಿ ಬಿಟ್ಟುಬಿಡಬೇಕು. ಕಾಡಿನಲ್ಲಿ ರಾಕ್ಷಸರಿರಲಿ ಎಂದು ಒಬ್ಬರು ಪ್ರತಿ ಸಲ ಕೇಳುತ್ತಾರೆ. ಅವರಿಗೆ ಬೇಕಾದದ್ದು ಬೇರೆ ಆಟ. ಅದನ್ನು ಅವರೇ ಬರೆಯಲಿ, ನಾನು ಆಡಲು ಹೋಗುತ್ತೇನೆ. ಆಟಗಾರರು ಹೇಳದೆಯೇ ಅಳಿಸಿದ ನಿಯಮವೂ ಒಂದಿದೆ. ಎತ್ತಿಗೆ ಹೆಸರಿಟ್ಟರೆ ಆಟದಲ್ಲಿ ಒಮ್ಮೆ ದಾಳಕ್ಕೆ ಒಂದು ಕೂಡಿಸಬಹುದು ಎಂದು ಬರೆದಿದ್ದೆ. ಕೂಡಿಸುವುದನ್ನು ಎಲ್ಲರೂ ಮರೆತರು, ಹೆಸರಿಡುವುದನ್ನು ಒಬ್ಬರೂ ಮರೆಯಲಿಲ್ಲ. ನಿಯಮ ತೆಗೆದು ಪಾತ್ರದ ಹಾಳೆಯಲ್ಲಿ ಹೆಸರಿಗೊಂದು ಖಾಲಿ ಗೆರೆ ಮಾತ್ರ ಬಿಟ್ಟೆ. ಹೋದ ಭಾನುವಾರ ‘ಮೇಷ್ಟ್ರು’ ಎಂಬ ಎತ್ತು ಒಂಬತ್ತನೇ ತಿರುವಿನಲ್ಲಿ ಮಲಗಿತು, ಸರಿಯಾಗಿ ಐದನೇ ದಣಿವಿಗೆ. ಯಾರೂ ನನ್ನ ಮುಖ ನೋಡಲಿಲ್ಲ.