ಚೀಟಿಗೆ ಒಂದು ಗೀಟು

ದಾವಣಗೆರೆಗೆ ಬಂದಾಗೆಲ್ಲ ಓಣಿಯ ಹುಡುಗರು ಕೇಳುತ್ತಾರೆ, "ಅಣ್ಣ, ಸಿಟಿಒ ಆಗೋಕೆ ಏನು ಓದಬೇಕು?" ಸಿಟಿಒ ಅಂದರೆ ಕಂಪನಿಯ ತಂತ್ರಜ್ಞಾನದ ಮುಖ್ಯಸ್ಥ, ಈಗ ನನ್ನ ಹುದ್ದೆ. ನಾನು ಓದಿದ್ದು ಇಲ್ಲೇ, ಬಿಡಿಟಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್. ಮುಗಿಸಿದ್ದು 1997ರಲ್ಲಿ, ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ. ಪ್ರೋಗ್ರಾಮಿಂಗ್ ಬಂದಿದ್ದು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಆದರೆ ಈ ಕೆಲಸದ ಮೊದಲ ಪಾಠ ಆಗಿದ್ದು ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ. ಅಪ್ಪ ಅಲ್ಲಿ ಗುಮಾಸ್ತರಾಗಿದ್ದರು.

ಮೆಕ್ಕೆಜೋಳದ ಸುಗ್ಗಿಯಲ್ಲಿ ಅಂಗಡಿ ಮುಂದೆ ಟ್ರ್ಯಾಕ್ಟರ್‌ಗಳ ಸಾಲು. ಒಂದೊಂದು ತೂಕಕ್ಕೂ ನಂಬರ್ ಇರುವ ಒಂದು ಚೀಟಿ. ನಾನು ನಂಬರ್ ಓದುತ್ತಿದ್ದೆ. ಅಪ್ಪ ಕಿರ್ದಿಗೆ ಬರೆದು, ಚೀಟಿ ಮೇಲೆ ಕೆಂಪು ಪೆನ್ಸಿಲಿನಿಂದ ಓರೆಯಾಗಿ ಒಂದು ಗೀಟು ಎಳೆಯುತ್ತಿದ್ದರು. ಗೀಟು ಬಿದ್ದ ಚೀಟಿ ಮತ್ತೆ ಪುಸ್ತಕಕ್ಕೆ ಹೋಗುವ ಹಾಗಿಲ್ಲ. ಒಮ್ಮೆ ರೈತರೊಬ್ಬರು ಚೀಟಿ ಕಳೆದುಕೊಂಡು ಬಂದರು. ನಾನು ಹೊಸದು ಬರೆಯಲು ಹೋದೆ. ಅಪ್ಪ ತಡೆದರು. "ಹಳೇ ನಂಬರೇ ಹಾಕು. ಹೊಸ ನಂಬರ್ ಕೊಟ್ರೆ ಅದು ಹೊಸ ಮಾಲು ಆಗ್ತದೆ."

ನನ್ನ ಮೊದಲ ಕೆಲಸ ವೈಟುಕೆ, ಅಂದರೆ 2000ನೇ ಇಸವಿಗಾಗಿ ಪ್ರೋಗ್ರಾಂಗಳಲ್ಲಿ ತಾರೀಖು ಸರಿಮಾಡುವುದು. ಕೋಬಾಲ್ ಭಾಷೆಯ ಹಳೆಯ ಪ್ರೋಗ್ರಾಂಗಳಲ್ಲಿ ವರ್ಷಕ್ಕೆ ಎರಡೇ ಅಂಕಿ ಇಟ್ಟಿದ್ದರು. 2000 ಬಂದರೆ 00, ಅಂದರೆ 1900 ಅಂತ ಓದುವ ಭಯ. ಒಂದು ಬಡ್ಡಿ ಲೆಕ್ಕದಲ್ಲಿ ಬೇರೆಯದೇ ತಪ್ಪು ಸಿಕ್ಕಿತು. ನೂರರಿಂದ ಭಾಗವಾದರೆ ಅಧಿಕ ವರ್ಷ ಅಲ್ಲ ಅಂತ ಬರೆದಿದ್ದರು. ನಾನೂರರಿಂದ ಭಾಗವಾದರೆ ಮತ್ತೆ ಅಧಿಕ ವರ್ಷವೇ ಅನ್ನುವುದನ್ನು ಬಿಟ್ಟಿದ್ದರು. 2000ದ ಫೆಬ್ರವರಿ 29 ಆ ಪ್ರೋಗ್ರಾಂಗೆ ಇರಲೇ ಇಲ್ಲ. ಎಷ್ಟೋ ಜನರ ಒಂದು ದಿನದ ಬಡ್ಡಿ ಅದು, ಸುಮ್ನೆ ಅಲ್ಲ.

ಆಮೇಲೆ ಆರು ವರ್ಷ ರಾತ್ರಿ ಸಪೋರ್ಟ್. ಗೆಳೆಯರು ಅದನ್ನು ಶಿಕ್ಷೆ ಅಂದರು. ನಾನು ಕೇಳಿ ಪಡೆದೆ. ಸಾಫ್ಟ್‌ವೇರ್ ಎಲ್ಲಿ ಮುರಿಯುತ್ತದೆ ಅನ್ನುವುದು ರಾತ್ರಿ ಎರಡು ಗಂಟೆಗೆ ಕಂಡಷ್ಟು ಹಗಲಲ್ಲಿ ಕಾಣುವುದಿಲ್ಲ.

2013ರಲ್ಲಿ ನಾನಿದ್ದ ಪೇಮೆಂಟ್ ಕಂಪನಿಯಲ್ಲಿ ಕೆಲವರ ಹಣ ಎರಡೆರಡು ಸಲ ಕಡಿತವಾಗತೊಡಗಿತು. ಹಣ ಕಡಿತವಾದ ಮೇಲೆ ನೆಟ್‌ವರ್ಕ್ ಹೋಗುತ್ತಿತ್ತು. ಉತ್ತರ ಬಾರದೆ ಮೊಬೈಲ್ ಮತ್ತೆ ಕಳಿಸುತ್ತಿತ್ತು. ಸರ್ವರ್ ಪ್ರತಿ ಸಲ ಹೊಸ ನಂಬರ್ ಕೊಡುತ್ತಿತ್ತು. ಅದೇ ಮೊತ್ತ ಎರಡು ನಿಮಿಷದೊಳಗೆ ಮತ್ತೆ ಬಂದರೆ ತಡೆಯೋಣ ಅಂದರು ಕೆಲವರು. ನಾನು ಒಪ್ಪಲಿಲ್ಲ. ಒಂದು ಟೀ ಕುಡಿದು ದುಡ್ಡು ಕೊಟ್ಟವನು ತಕ್ಷಣ ಇನ್ನೊಂದು ಟೀ ಹೇಳಬಹುದು, ಅಲ್ವಾ? ಬೋರ್ಡ್ ಮೇಲೆ ಅಪ್ಪನ ಚೀಟಿ ಬರೆದು, ಗೀಟು ಎಳೆದು ತೋರಿಸಿದೆ. ಬಟನ್ ಒತ್ತಿದ ಕ್ಷಣ ಮೊಬೈಲಿನಲ್ಲೇ ನಂಬರ್ ಹುಟ್ಟಬೇಕು. ಎಷ್ಟು ಸಲ ಕಳಿಸಿದರೂ ಅದೇ ನಂಬರ್ ಇರಬೇಕು. ಡೇಟಾಬೇಸ್ ಒಂದು ನಂಬರನ್ನು ಒಂದೇ ಸಲ ಬರೆದುಕೊಳ್ಳಬೇಕು. ಒಂದು ವಾರದಲ್ಲಿ ಮಾಡಿ ಮುಗಿಸಿದೆವು. ಎರಡು ಸಲ ಕಡಿತವಾಗುವುದು ನಿಂತಿತು.

2016ರಲ್ಲಿ ಯುಪಿಐ ಬಂದು ವಹಿವಾಟು ಬೆಳೆದಾಗ ಇಡೀ ವ್ಯವಸ್ಥೆಯ ಹೊಣೆ ನನಗೆ ಬಂತು. ಸಿಟಿಒ ಅನ್ನುವ ಹೆಸರು ಅದರ ಹಿಂದೆ ಬಂತು. ಈಗ ನಾನು ಕೋಡ್ ಬರೆಯುವುದು ಕಡಿಮೆ, ಜನರನ್ನು ಆರಿಸುವುದು ಜಾಸ್ತಿ. ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆ, "ನೀವು ಕೊನೇ ಸಲ ಹುಡುಕಿದ ತಪ್ಪು ಯಾವುದು?" ಕಣ್ಣರಳಿಸಿ ಹೇಳುವವರನ್ನು ಬಿಡುವುದಿಲ್ಲ.

ಕಳೆದ ಸಲ ಊರಿಗೆ ಬಂದಾಗ ಇದನ್ನೆಲ್ಲ ಅಪ್ಪನಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಎರಡನೇ ಸಲ ಬಂದ ನಂಬರ್ ವಾಪಸ್ ಹೋಗುವುದನ್ನು ನೋಡಿ ಕೇಳಿದರು, "ವಾಪಸ್ ಕಳಿಸ್ತೀರಲ್ಲ, ಆ ಮನುಷ್ಯನಿಗೆ ಏನ್ ಹೇಳ್ತೀರಿ?"

ನಾವು 'ವಿಫಲ' ಅಂತ ತೋರಿಸುತ್ತಿದ್ದೆವು. ಹಣ ಹೋಗಿದೆ, ಪರದೆ ಮೇಲೆ ವಿಫಲ. ಅಪ್ಪ ತಲೆ ಅಲ್ಲಾಡಿಸಿದರು. "ನಿಂದು ಆಗಲೇ ಬರ್ದಾಯ್ತು, ಇಷ್ಟು ತೂಕ, ಇಷ್ಟು ದುಡ್ಡು ಅಂತ ಹೇಳಿ ಕಳಿಸ್ತಿದ್ವಿ ನಾವು."

ಸೋಮವಾರ ಆಫೀಸಿಗೆ ಹೋದವನೇ ಮೊದಲು ಅದನ್ನು ಬದಲಿಸಿದೆ. ಈಗ ಅದೇ ನಂಬರ್ ಮತ್ತೆ ಬಂದರೆ, ಮೊದಲ ಸಲದ ರಸೀದಿಯೇ ಮತ್ತೆ ಹೋಗುತ್ತದೆ.