ಕಡಿಮೆ ಖರ್ಚಿನಲ್ಲಿ ಮನೆಯ ಸ್ಟೀರಿಯೊದ ಬೇಸ್ ಸುಧಾರಿಸುವ ಬಗೆ

ಬೇಸ್, ಅಂದರೆ ಹಾಡಿನ ತಗ್ಗಿನ ಸ್ವರಗಳು, ಸಾಲುತ್ತಿಲ್ಲ ಎನಿಸಿದ ಕೂಡಲೇ ಹೆಚ್ಚು ವಾಟ್‌ನ ಆಂಪ್ಲಿಫೈಯರ್ ಕೊಳ್ಳುವ ಯೋಚನೆ ಬರುವುದು ಸಹಜ. ಆದರೆ ಶಕ್ತಿಯನ್ನು ಇಮ್ಮಡಿಗೊಳಿಸಿದರೆ ದಕ್ಕುವುದು ಕೇವಲ 3 ಡೆಸಿಬೆಲ್ (ಶಬ್ದದ ಜೋರಿನ ಅಳತೆ). ಸ್ಪೀಕರನ್ನು ಗೋಡೆಯ ಹತ್ತಿರಕ್ಕೆ ಸರಿಸಿದರೆ ತಗ್ಗಿನ ಸ್ವರಗಳು 6 ಡೆಸಿಬೆಲ್‌ವರೆಗೂ ಏರಬಲ್ಲವು, ಅದಕ್ಕೆ ಖರ್ಚಿಲ್ಲ. ಆದ್ದರಿಂದ ಹಣ ತೆಗೆಯುವ ಮುನ್ನ ಇರುವ ಉಪಕರಣಗಳನ್ನೇ ಸರಿಯಾಗಿ ಜೋಡಿಸಿ, ಸರಿಯಾದ ಜಾಗದಲ್ಲಿ ಇಡುವುದು ಒಳ್ಳೆಯದು.

ಮೊದಲು ತಂತಿಗಳನ್ನು ನೋಡಿ. ಎರಡು ಸ್ಪೀಕರ್‌ಗಳ ಪೈಕಿ ಒಂದರಲ್ಲಿ ಕೆಂಪು ಮತ್ತು ಕಪ್ಪು ತುದಿಗಳು ಅದಲುಬದಲಾಗಿದ್ದರೆ, ಒಂದರ ಕೋನ್ (ಅದುರಿ ಶಬ್ದ ಹೊಮ್ಮಿಸುವ ಶಂಕುವಿನಾಕಾರದ ಭಾಗ) ಮುಂದಕ್ಕೆ ಬರುವಾಗ ಇನ್ನೊಂದರದು ಹಿಂದಕ್ಕೆ ಹೋಗಿ, ತಗ್ಗಿನ ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ತಂತಿಯ ಗುರುತು ಮಾಸಿದ್ದರೆ, ಅದನ್ನು ಆಂಪ್ಲಿಫೈಯರ್‌ನಿಂದ ಬಿಡಿಸಿ, 1.5 ವೋಲ್ಟ್‌ನ ಸಾಮಾನ್ಯ ಸೆಲ್ಲಿಗೆ ಒಂದು ಕ್ಷಣ ಮಾತ್ರ ತಾಗಿಸಿ ತಗ್ಗಿನ ಸ್ವರ ನುಡಿಸುವ ಘಟಕವಾದ ವೂಫರಿನ ಕೋನನ್ನು ಗಮನಿಸಿ. ಸಾಮಾನ್ಯವಾಗಿ ಕೋನ್ ಹೊರಕ್ಕೆ ಚಿಮ್ಮಿದಾಗ ಸೆಲ್ಲಿನ ಪ್ಲಸ್ ಕಡೆಯಿರುವ ತಂತಿಯೇ ಕೆಂಪು ತುದಿಯದು. ಹೇಗಿದ್ದರೂ ಎರಡೂ ಸ್ಪೀಕರ್‌ಗಳು ಒಂದೇ ರೀತಿ ವರ್ತಿಸಬೇಕು ಎಂಬುದೇ ಮುಖ್ಯ.

ಇನ್ನು ಜಾಗದ ವಿಷಯ. ನನ್ನ ದೃಷ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಆಗುವುದು ಇಲ್ಲಿಯೇ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆಗಿರುವುದರಿಂದ 40 ಹರ್ಟ್ಜ್ (ಸೆಕೆಂಡಿಗೆ 40 ಕಂಪನ) ಸ್ವರದ ಒಂದು ಅಲೆ 8.6 ಮೀಟರಿನಷ್ಟು ಉದ್ದವಿರುತ್ತದೆ. ಕೋಣೆಯ ಉದ್ದ ಅದರ ಅರ್ಧ, ಅಂದರೆ 4.3 ಮೀಟರ್ ಇದ್ದರೆ, ಆ ಸ್ವರ ಎರಡು ಗೋಡೆಗಳ ನಡುವೆ ನಿಂತ ಅಲೆಯಾಗಿ, ಗೋಡೆಗಳ ಬಳಿ ಅತಿ ಜೋರಾಗಿಯೂ ನಟ್ಟನಡುವೆ ಬಹುತೇಕ ಇಲ್ಲವೆಂಬಂತೆಯೂ ಕೇಳುತ್ತದೆ. ಕೋಣೆಯ ಮಧ್ಯದಲ್ಲಿ ಕುರ್ಚಿ ಹಾಕಿಕೊಂಡು ಬೇಸ್ ಇಲ್ಲವೆಂದು ಕೊರಗುವವರು ಕುರ್ಚಿಯನ್ನು ಅರ್ಧ ಮೀಟರ್ ಹಿಂದಕ್ಕೆ ಸರಿಸಿ ಅದೇ ಹಾಡನ್ನು ಮತ್ತೆ ಕೇಳಲಿ. ಗೋಡೆಯಿಂದ ಕೋಣೆಯ ಉದ್ದದ ಮೂರನೆಯ ಒಂದು ಭಾಗದಷ್ಟು ದೂರ ಕುರ್ಚಿಗೆ ಒಳ್ಳೆಯ ಆರಂಭದ ಜಾಗ.

ಸ್ಪೀಕರ್ ಇಡುವಾಗ ಇನ್ನೊಂದು ತೊಡಕಿದೆ. ಕೋನ್ ಹಿಂಗೋಡೆಯಿಂದ 1 ಮೀಟರ್ ದೂರವಿದ್ದರೆ, ಗೋಡೆಯಿಂದ ಮರಳಿದ ಅಲೆ ಸುಮಾರು 86 ಹರ್ಟ್ಜ್‌ನಲ್ಲಿ ನೇರ ಅಲೆಗೆ ವಿರುದ್ಧವಾಗಿ ಬಂದು ಆ ಸ್ವರವನ್ನು ಕುಗ್ಗಿಸಿ ಅಲ್ಲೊಂದು ಹಳ್ಳ ಬೀಳಿಸುತ್ತದೆ. ಗೋಡೆಗೆ ಹತ್ತಿರ ತಂದಷ್ಟೂ ಆ ಹಳ್ಳ ಮೇಲಿನ ಸ್ವರಗಳತ್ತ ಸರಿದು ಬೇಸ್ ತುಂಬಿಕೊಳ್ಳುತ್ತದೆ. ಹಿಂಬದಿಯಲ್ಲಿ ಗಾಳಿಯ ರಂಧ್ರವಿರುವ ಪೆಟ್ಟಿಗೆಯಾದರೆ ಮಾತ್ರ ಅದು ಉಸಿರಾಡುವಷ್ಟು ಜಾಗ ಬಿಡಬೇಕು. ಮೂಲೆಗೆ ತಳ್ಳಿದರೆ ಬೇಸ್ ಇನ್ನೂ ಏರುತ್ತದೆ, ಆದರೆ ಎಲ್ಲ ಸ್ವರಗಳೂ ಒಂದೇ ಗುಂಯ್‌ಗುಡುವಿಕೆಯಾಗಿ ಕಲೆಸಿಹೋಗುವ ಅಪಾಯವಿದೆ.

ಬೇರೆ ಬೇರೆ ಸ್ವರಗಳ ಜೋರನ್ನು ಬೇರೆಬೇರೆಯಾಗಿ ಏರಿಳಿಸುವ ಈಕ್ವಲೈಜರ್ ಬಳಸುವುದಾದರೆ ಉಬ್ಬಿದ್ದನ್ನು ತಗ್ಗಿಸಲು ಬಳಸಿ, ಹಳ್ಳ ತುಂಬಲು ಬೇಡ. ಕೋಣೆಯೇ ಅಳಿಸುತ್ತಿರುವ ಸ್ವರವನ್ನು 10 ಡೆಸಿಬೆಲ್ ಏರಿಸಲು ಹೊರಟರೆ ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಸುರಿಯಬೇಕಾಗುತ್ತದೆ, ಕೇಳುವವನಿಗೆ ಮಾತ್ರ ಏನೂ ಸಿಗುವುದಿಲ್ಲ. ವಾಲ್ಯೂಮ್ ತಗ್ಗಿಸಿ ಕೇಳುವಾಗ ನಮ್ಮ ಕಿವಿಗೇ ಬೇಸ್ ಕಡಿಮೆ ಕೇಳುತ್ತದೆ. ಹಳೆಯ ಆಂಪ್ಲಿಫೈಯರ್‌ಗಳ ಲೌಡ್‌ನೆಸ್ ಗುಂಡಿ ಇರುವುದು ಅದಕ್ಕಾಗಿಯೇ.

ಇಷ್ಟಾದ ಮೇಲೂ ಸಾಲದಿದ್ದರೆ, ಬೇಸ್ ಮಾತ್ರ ನುಡಿಸುವ ಪ್ರತ್ಯೇಕ ಸ್ಪೀಕರ್ ಆದ ಸಬ್‌ವೂಫರ್ ಒಂದನ್ನು, ಬಳಸಿದ್ದೇ ಆಗಲಿ, ಕೊಳ್ಳುವುದು ದೊಡ್ಡ ಸ್ಪೀಕರ್‌ಗಳಿಗಿಂತ ಅಗ್ಗದ ದಾರಿ. ಸ್ವರ ಒಂದು ಸ್ಥಾಯಿ ಕೆಳಗಿಳಿದಾಗ ಅಷ್ಟೇ ಜೋರು ಬರಲು ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಚಲಿಸಬೇಕಾಗುವುದರಿಂದ ಚಿಕ್ಕ ವೂಫರ್ ಬೇಗ ಸೋಲುತ್ತದೆ. ಕೊಳ್ಳುವಾಗ ಕೋನಿನ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ; ಫೋಮ್ ಅಂಚು ವರ್ಷಗಳು ಕಳೆದಂತೆ ಪುಡಿಪುಡಿಯಾಗುತ್ತದೆ. ಏನೂ ನುಡಿಸದೆ ಸ್ವಿಚ್ ಹಾಕಿ, ಗುಂಯ್ ಎಂಬ ಸದ್ದು ಬರುತ್ತದೆಯೇ ಎಂದೂ ಕೇಳಿ. ಮನೆಗೆ ತಂದ ಮೇಲೆ ಅದನ್ನು ನೀವು ಕುಳಿತುಕೊಳ್ಳುವ ಜಾಗದಲ್ಲಿಟ್ಟು, ಬೇಸ್ ನಡೆ ಸ್ಪಷ್ಟವಾಗಿರುವ ಹಾಡು ಹಾಕಿ, ಗೋಡೆಯುದ್ದಕ್ಕೂ ನೆಲದ ಬಳಿ ಬಾಗಿ ಕೇಳುತ್ತ ಹೋಗಿ. ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳುತ್ತವೆಯೋ ಅಲ್ಲಿ ಸಬ್‌ವೂಫರ್ ಇಡಿ. ನೋಡುವವರಿಗೆ ಇದು ವಿಚಿತ್ರವೆನಿಸಿದರೂ ಫಲ ಖಚಿತ. ಕ್ರಾಸ್‌ಓವರನ್ನು (ಯಾವ ಸ್ವರದಿಂದ ಕೆಳಗೆ ಸಬ್‌ವೂಫರ್ ನುಡಿಯಬೇಕೆಂಬ ಗಡಿ) 80 ಹರ್ಟ್ಜ್ ಆಸುಪಾಸಿನಲ್ಲಿಟ್ಟು, ಕೋನಿನ ಚಲನೆಯ ದಿಕ್ಕನ್ನು ತಿರುಗಿಸುವ ಫೇಸ್ ಸ್ವಿಚ್ಚಿನ ಎರಡು ಸ್ಥಾನಗಳಲ್ಲಿ ಬೇಸ್ ಹೆಚ್ಚು ತುಂಬಿ ಕೇಳುವುದನ್ನು ಆರಿಸಿ.

ಗೋಡೆಗೆ ಅಂಟಿಸುವ ತೆಳು ಫೋಮ್ ಹಾಳೆಗಳಿಗೆ ಹಣ ಹಾಕಬೇಡಿ. ಅವು ಮೇಲಿನ ಸ್ವರಗಳನ್ನಷ್ಟೇ ಹೀರುತ್ತವೆ. ಬೇಸ್ ಹೀರಲು 10ರಿಂದ 15 ಸೆಂಟಿಮೀಟರ್ ದಪ್ಪದ ಖನಿಜ ಉಣ್ಣೆಯ ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿ ಮೂಲೆಗಳಿಗೆ ಅಡ್ಡಲಾಗಿ ನಿಲ್ಲಿಸಬೇಕು. ಕೊನೆಗೆ 20ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಪರೀಕ್ಷಾ ಸ್ವರವನ್ನು ಮಧ್ಯಮ ಧ್ವನಿಯಲ್ಲಿ ನುಡಿಸಿ, ಕಪಾಟಿನ ಗಾಜು, ಬಾಗಿಲ ಚಿಲಕ, ಗೋಡೆಯ ಚಿತ್ರದ ಚೌಕಟ್ಟು ಎಲ್ಲೆಲ್ಲಿ ಗಡಗಡಿಸುತ್ತವೆಯೋ ಅಲ್ಲಲ್ಲಿ ಬಟ್ಟೆಯ ಚೂರು ಅಥವಾ ರಬ್ಬರ್ ತುಂಡು ಸಿಕ್ಕಿಸಿ.